ಕುದುರೆ ಈಯುವ ರಾತ್ರಿ ಯಾವುದು: ಕೆಚ್ಚಲು, ಪಿಎಚ್ ಪಟ್ಟಿ, ಕ್ಯಾಮೆರಾ

ಕುದುರೆಯ ಗಬ್ಬದ ಅವಧಿ ಸರಾಸರಿ 340 ದಿನವಾದರೂ 320ರಿಂದ 365 ದಿನಗಳ ನಡುವೆ ಅದು ಯಾವಾಗ ಬೇಕಾದರೂ ಮುಗಿಯಬಹುದು. ಹಾಗಾಗಿ ಹಾಯಿಸಿದ ದಿನಾಂಕವೊಂದನ್ನೇ ನಂಬಿ ಕುಳಿತರೆ ಈಯುವ ರಾತ್ರಿ ತಿಳಿಯುವುದಿಲ್ಲ. ನೀರಚೀಲ ಒಡೆದ ಮೇಲೆ ಮರಿ ಸುಮಾರು 20ರಿಂದ 30 ನಿಮಿಷಗಳಲ್ಲಿ ಹೊರಬರಬೇಕು, ಅದಕ್ಕಿಂತ ತಡವಾದರೆ ಮರಿಯ ಜೀವಕ್ಕೇ ಅಪಾಯ. ಆ ಹೊತ್ತಿನಲ್ಲಿ ಲಾಯದಲ್ಲಿ ಇರಲೇಬೇಕೆಂದು ಮೂರು ವರ್ಷಗಳಲ್ಲಿ, ಎರಡು ಕುದುರೆಗಳ ನಾಲ್ಕು ಸೂಲುಗಳಲ್ಲಿ, ಮೂರು ವಿಧಾನಗಳನ್ನು ಪ್ರಯೋಗಿಸಿದ್ದೇನೆ.

ಮೊದಲನೆಯದು ಕೆಚ್ಚಲನ್ನು ನೋಡುವುದು. ಈಯುವ ಎರಡು ಮೂರು ವಾರ ಮೊದಲು ಕೆಚ್ಚಲು ತುಂಬತೊಡಗುತ್ತದೆ, ಕೊನೆಯ ಒಂದೆರಡು ದಿನಗಳಲ್ಲಿ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ನನ್ನ ಹಿರಿಯ ಕುದುರೆಯಲ್ಲಿ ಇದು ಸರಿಯಾಗಿಯೇ ಕಂಡಿತು. ಚೊಚ್ಚಲ ಕುದುರೆಯಲ್ಲಿ ಮಾತ್ರ ಮೇಣ ಕಾಣಲೇ ಇಲ್ಲ, ಕೆಚ್ಚಲು ತುಂಬಿದ್ದೂ ಬಹಳ ತಡವಾಗಿ.

ಎರಡನೆಯದಾದ ಪಿಎಚ್ ಪಟ್ಟಿಯ (ಹಾಲಿನ ಆಮ್ಲೀಯತೆಯನ್ನು ಬಣ್ಣದಿಂದ ತೋರಿಸುವ ಕಾಗದದ ಪಟ್ಟಿ) ಮೇಲೆಯೇ ನನಗೆ ಹೆಚ್ಚು ವಿಶ್ವಾಸ. ಈಯುವ ದಿನ ಹತ್ತಿರವಾದಂತೆ ಹಾಲಿನಲ್ಲಿ ಕ್ಯಾಲ್ಸಿಯಂ ಏರಿ, ಪಿಎಚ್ 7ರ ಆಸುಪಾಸಿನಿಂದ 6.4ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಕೈಯನ್ನೂ ತೊಟ್ಟನ್ನೂ ಶುಚಿಗೊಳಿಸಿ, ಪ್ರತಿದಿನ ಸಂಜೆ ಅದೇ ಹೊತ್ತಿಗೆ ಕೆಲವೇ ಹನಿ ಹಿಂಡಿ ಪರೀಕ್ಷಿಸುತ್ತಿದ್ದೆ; ಹೆಚ್ಚು ಹಿಂಡಿದರೆ ಮರಿಗೆ ಸಲ್ಲಬೇಕಾದ ಗಿಣ್ಣುಹಾಲು ವ್ಯರ್ಥವಾಗುತ್ತದೆ. ಪಟ್ಟಿ 6.4ಕ್ಕೆ ಇಳಿದ ಮಾತ್ರಕ್ಕೆ ಅದೇ ರಾತ್ರಿ ಈಯುತ್ತದೆಂದು ಹೇಳಲಾಗದು, ಒಮ್ಮೆ ನಾನು ಎರಡು ರಾತ್ರಿ ಕಾಯಬೇಕಾಯಿತು. ಆದರೆ ಪಿಎಚ್ ಇನ್ನೂ 7ರಲ್ಲೇ ಇದ್ದ ಸಂಜೆಗಳ ನಂತರ ನಾಲ್ಕು ಸೂಲುಗಳಲ್ಲಿ ಒಂದೂ ಆಗಲಿಲ್ಲ. ಯಾವ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು ಎಂಬುದನ್ನು ತಿಳಿಸುವುದೇ, ನನ್ನ ಅಭಿಪ್ರಾಯದಲ್ಲಿ, ಇದರ ದೊಡ್ಡ ಉಪಕಾರ.

ಕ್ಯಾಮೆರಾ ಮುನ್ಸೂಚನೆ ಕೊಡುವುದಿಲ್ಲ, ಆದರೆ ಕೊನೆಯ ಗಂಟೆಯಲ್ಲಿ ಅದಕ್ಕೆ ಸಮನಾದುದಿಲ್ಲ. ಎದುರಿಗೆ ಮನುಷ್ಯರಿದ್ದರೆ ಕುದುರೆ ಈಯುವುದನ್ನು ಮುಂದೂಡಬಲ್ಲದು. ಕೋಣೆಯಿಂದಲೇ ನೋಡುವಾಗ ಆ ತೊಂದರೆಯಿಲ್ಲ. ಅಡ್ಡ ಮಲಗಿದಾಗ ಕೂಗುವ ಅಲಾರಮನ್ನು ಮುಖಪಟ್ಟಿಗೆ ಕಟ್ಟಿಯೂ ನೋಡಿದೆ, ಸುಮ್ಮನೆ ವಿಶ್ರಮಿಸಿದಾಗಲೂ ಅದು ಕೂಗಿದ್ದರಿಂದ ಬಿಟ್ಟುಬಿಟ್ಟೆ.

ಈಗ 320ನೇ ದಿನದಿಂದ ಕೆಚ್ಚಲನ್ನು ನೋಡುತ್ತೇನೆ, ಅದು ತುಂಬಿದ ಮೇಲೆ ಪಟ್ಟಿ, ಪಟ್ಟಿ 6.4 ತೋರಿಸಿದ ರಾತ್ರಿಯಿಂದ ಕ್ಯಾಮೆರಾದ ಮುಂದೆ ಜಾಗರಣೆ. ಒಂದು ವಿಷಯದಲ್ಲಿ ಮಾತ್ರ ಕೆಚ್ಚಲಿನ ಮೇಲಿನ ಕಣ್ಣನ್ನು ಬೇರಾವುದೂ ತುಂಬಲಾರದು: ಈಯುವ ಮೊದಲೇ ಹಾಲು ಧಾರೆಯಾಗಿ ಸೋರುತ್ತಿದ್ದರೆ ಗಿಣ್ಣುಹಾಲಿನ ರಕ್ಷಕ ಅಂಶ ಮರಿಗೆ ಸಾಲದೆ ಹೋಗಬಹುದು. ಹಾಗಾದಾಗ ಪಶುವೈದ್ಯರಿಗೆ ಮೊದಲೇ ತಿಳಿಸಿ, ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲೇ ಕುಡಿಸಲು ಬೇರೆ ಕುದುರೆಯ ಗಿಣ್ಣುಹಾಲನ್ನು ಹೊಂದಿಸಿಕೊಂಡಿರಬೇಕು.