ಕುದುರೆಮುಖವಾ, ಕುಮಾರ ಪರ್ವತವಾ?

ಪಶ್ಚಿಮ ಘಟ್ಟದಲ್ಲಿ ಯಾವ ಬೆಟ್ಟ ಹತ್ತೋಣ ಅಂದ ಕೂಡಲೇ ಈ ಎರಡು ಹೆಸರು ಬಂದೇ ಬರುತ್ತವೆ. ನಾನು ಎರಡನ್ನೂ ಹತ್ತಿದ್ದೇನೆ. ಎತ್ತರದಲ್ಲಿ ಕುದುರೆಮುಖವೇ ಮುಂದು, ಸುಮಾರು 1,890 ಮೀಟರ್. ಕುಮಾರ ಪರ್ವತ 1,712. ಆದರೆ ಈ ಲೆಕ್ಕ ನಂಬಿ ಹೊರಟರೆ ಮಂಡಿ ಕೈಕೊಡುತ್ತದೆ. ಕುದುರೆಮುಖದ ಚಾರಣ ಶುರುವಾಗುವ ಮುಳ್ಳೋಡಿ ಆಗಲೇ ಘಟ್ಟದ ಮೇಲಿದೆ, ಅಲ್ಲಿವರೆಗೆ ಜೀಪು ಹೋಗುತ್ತದೆ. ಕುಮಾರ ಪರ್ವತದ ಚಾರಣ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ತುದಿಗೆ 1,500 ಮೀಟರ್‌ಗಿಂತ ಜಾಸ್ತಿ ಏರು.

ಏರಿನ ಹುಚ್ಚು ಇದ್ದವರಿಗೆ ಕುಮಾರ ಪರ್ವತವೇ ಸರಿ. ಮೊದಲು ದಟ್ಟ ಕಾಡು, ಬೇರು, ಕಲ್ಲು. ಮಂಗಟ್ಟೆ ತಲೆ ಮೇಲೆ ಹಾರಿದರೆ ರೆಕ್ಕೆಯ ಸದ್ದು ಕೇಳುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಬಹುಪಾಲು ಬೋಳು ಹುಲ್ಲುಗುಡ್ಡ, ನೆತ್ತಿ ಸುಡುವ ಬಿಸಿಲು. ಕಲ್ಲುಮಂಟಪ ಆಯಿತು, ಶೇಷಪರ್ವತ ಆಯಿತು. ಇದೇ ತುದಿ ಅಂದುಕೊಂಡು ಬ್ಯಾಗ್ ಇಳಿಸಿದವರ ಮುಖ ಆಗ ನೋಡಬೇಕು! ಮತ್ತೆ ಇಳಿದು, ಕಾಡು ಹೊಕ್ಕು, ನೀರು ಜಿನುಗುವ ಬಂಡೆ ಹತ್ತಬೇಕು. ಇದಿಷ್ಟೂ ಬೇಡ ಅಂದರೆ ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ ಇದೆ. ದೂರ ಕಮ್ಮಿ.

ಪ್ರಾಣಿ ನೋಡುವ ಆಸೆಗೆ ನನ್ನ ವೋಟು ಕುದುರೆಮುಖಕ್ಕೆ. ಕುಮಾರ ಪರ್ವತ ಇರುವ ಪುಷ್ಪಗಿರಿ ಅಭಯಾರಣ್ಯದಲ್ಲಿ ಪ್ರಾಣಿಗಳಿಲ್ಲ ಅಂತಲ್ಲ, ಆನೆಯೂ ಇದೆ. ಕಾಡು ತೋರಿಸುವುದಿಲ್ಲ, ಅಷ್ಟೇ. ಕುದುರೆಮುಖದಲ್ಲಿ ಗುಡ್ಡದ ಮೈಯೆಲ್ಲ ಹುಲ್ಲು, ನೀರು ನಿಲ್ಲುವ ಕಣಿವೆಗಳಲ್ಲಿ ಮಾತ್ರ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಕಾಡು. ಒಂಟಿಮರ ದಾಟಿದ ಮೇಲೆ ಒಮ್ಮೆ ಗೈಡ್ ಕೈ ಅಡ್ಡ ಹಿಡಿದು ನಿಲ್ಲಿಸಿದ. ಎದುರು ಗುಡ್ಡದಲ್ಲಿ, ಶೋಲಾದ ಅಂಚಿಗೆ, ಕಾಟಿಗಳ, ಅಂದರೆ ಕಾಡುಕೋಣಗಳ ಹಿಂಡು. ಮೊಣಕಾಲ ಕೆಳಗೆ ಬಿಳಿ ಕಾಲುಚೀಲ ಹಾಕಿಕೊಂಡ ಹಾಗೆ. ದೊಡ್ಡದೊಂದು ತಲೆ ಎತ್ತಿ, ಮೂಗು ಅರಳಿಸಿ ನಮ್ಮನ್ನೇ ನೋಡಿತು. ಗಾಳಿ ನಮ್ಮ ಕಡೆಯಿಂದ ಬೀಸುತ್ತಿತ್ತು. ಒಂದು ಬುಸ್ ಅಂದದ್ದೇ ತಡ, ಇಡೀ ಹಿಂಡು ಮರಗಳ ಒಳಗೆ ಮಾಯ.

ಸಿಂಗಳೀಕಕ್ಕಾಗಿ ಶಿಖರ ಹತ್ತುವುದು ಸುಮ್ನೆ ಶ್ರಮ. ಅದು ಹುಲ್ಲಿನ ಪ್ರಾಣಿಯಲ್ಲ, ಎತ್ತರದ ಮರಗಳ ದಟ್ಟ ಕಾಡೇ ಬೇಕು. ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡದ ಗಡಿ) ಕಡೆಯ ರಸ್ತೆಯಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಸಿಕ್ಕರೆ ಬಿಸ್ಕತ್ತು ಎಸೆಯಬೇಡಿ. ಆ ರುಚಿ ಹತ್ತಿದ ಮಂಗ ಮರ ಇಳಿದು ಟಾರು ರಸ್ತೆಗೆ ಬರುತ್ತದೆ, ಗಾಡಿಗೆ ಸಿಗುತ್ತದೆ.

ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯುತ್ತಿದ್ದರು ಅನ್ನುವುದು ಈಗಿನ ಎಷ್ಟೋ ಚಾರಣಿಗರಿಗೆ ಗೊತ್ತೇ ಇಲ್ಲ. 1987ರಲ್ಲೇ ರಾಷ್ಟ್ರೀಯ ಉದ್ಯಾನ ಆಗಿದ್ದ ಜಾಗ! ಸುಪ್ರೀಂ ಕೋರ್ಟು ಹೇಳಿದ ಮೇಲೇ ಗಣಿ ನಿಂತದ್ದು.

ಕುದುರೆಮುಖಕ್ಕೆ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಬೇಕು, ಸಂಜೆಯೊಳಗೆ ಇಳಿಯಬೇಕು, ಮೇಲೆ ಟೆಂಟ್ ಹಾಕುವಂತಿಲ್ಲ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಎರಡೂ ಕಡೆ ದಾರಿ ಮುಚ್ಚುವುದುಂಟು, ವಿಚಾರಿಸಿ ಹೊರಡಿ. ಮಳೆ ಬಿದ್ದ ಮೇಲೆ ಉಂಬಳದ (ರಕ್ತ ಹೀರುವ ಜಿಗಣೆ) ಕಾಟ ಎರಡೂ ಕಡೆ ಒಂದೇ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಮೇಲೆ ಬೇವಿನೆಣ್ಣೆ ಸವರಿ. ಉಪ್ಪಿನ ಪೊಟ್ಟಣ ಬ್ಯಾಗಿನ ತಳದಲ್ಲಲ್ಲ, ಜೇಬಿನಲ್ಲಿರಲಿ.