ಫೆಲೋಶಿಪ್ ಅರ್ಜಿಗೆ ಅಂತ ಹಾಸನದ ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟೋ ಮುಂಚೆ ಒಂದ್ಸಲ ಓದಿ: 5ಕ್ಕೆ 2 ಸ್ಟಾರ್

ಆಫೀಸಿನ ಹೆಸರು ಬರೆಯಲ್ಲ, ಅಲ್ಲಿ ಕೆಲ್ಸ ಮಾಡೋ ಹುಡುಗ್ರು ನಮ್ಮ ಕಡೆಯವ್ರೇ, ಅವ್ರ ಹೊಟ್ಟೆ ಮೇಲೆ ಹೊಡಿಯೋದು ನಂಗೆ ಬೇಡ. ಹಾಸನದಲ್ಲಿ ಫಾರಿನ್‌ಗೆ ಕಳಿಸೋ ಕನ್ಸಲ್ಟೆನ್ಸಿ ಅಂತ ಬೋರ್ಡ್ ಹಾಕ್ಕೊಂಡಿರೋ ಒಂದು ಆಫೀಸು ಅಂದ್ಕೊಳ್ಳಿ. ನಾನು ಸಕಲೇಶಪುರ ತಾಲೂಕಿನ ಸರ್ಕಾರಿ ಹೈಸ್ಕೂಲಲ್ಲಿ ಸೈನ್ಸ್ ಟೀಚರು. 2023ರಲ್ಲಿ ಅಮೆರಿಕಾ ಸರ್ಕಾರದ ಫುಲ್‌ಬ್ರೈಟ್‌ನವರ ಟೀಚಿಂಗ್ ಎಕ್ಸಲೆನ್ಸ್ ಅಂಡ್ ಅಚೀವ್‌ಮೆಂಟ್ ಅನ್ನೋ ಪ್ರೋಗ್ರಾಂಗೆ ಅರ್ಜಿ ಹಾಕ್ಬೇಕು ಅಂತ ಹೊರಟೆ. ಹೈಸ್ಕೂಲ್ ಟೀಚರ್‌ಗಳಿಗೆ ಅಂತಾನೇ ಇರೋದು, ಆರು ವಾರ ಅಮೆರಿಕಾದ ಯೂನಿವರ್ಸಿಟಿಲಿ ಟ್ರೈನಿಂಗು, ಜೊತೆಗೆ ಅಲ್ಲೇ ಒಂದು ಹೈಸ್ಕೂಲಿಗೆ ಹೋಗಿ ಅಲ್ಲಿನ ಟೀಚರ್ ಜೊತೆ ಕ್ಲಾಸ್ ಮಾಡೋದು, ವಿಮಾನ ಟಿಕೆಟ್ಟು ಊಟ ವಸತಿ ಎಲ್ಲಾ ಅವರದ್ದೇ. ಮನೇಲಿ ಎರಡು ಮಕ್ಳು, ಅತ್ತೆಗೆ ಹುಷಾರಿಲ್ಲ, ಆರು ವಾರ ಆದ್ರೆ ಹೆಂಗೋ ಸಂಭಾಳಿಸ್ಬಹುದು ಅಂತ ನಮ್ಮನೆಯವ್ರೂ ಒಪ್ಪಿದ್ರು.

ಅರ್ಜಿ ನೋಡಿ ಭಯ ಆಯ್ತು, ನಿಜ. ಇಂಗ್ಲಿಷಲ್ಲಿ ಉದ್ದುದ್ದ ಉತ್ತರ ಬರೀಬೇಕು, ಕನ್ನಡ ಮೀಡಿಯಂನಲ್ಲಿ ಓದಿ ಕನ್ನಡ ಮೀಡಿಯಂನಲ್ಲೇ ಪಾಠ ಮಾಡೋ ನಂಗೆ ಇದೆಲ್ಲಾ ಗೊತ್ತಿರೋರ ಹತ್ರ ಕೊಟ್ರೆ ಒಳ್ಳೇದು ಅನ್ನಿಸ್ತು. ಒಂದು ಶನಿವಾರ ಬೆಳಗಿನ ಸ್ಕೂಲ್ ಮುಗಿಸ್ಕೊಂಡು ಬಸ್ ಹತ್ತಿ ಹಾಸನಕ್ಕೆ ಹೋದೆ. ರಿಜಿಸ್ಟ್ರೇಷನ್ 6,000, ಎಸ್‌ಒಪಿ (ನಾನು ಯಾರು, ಯಾಕೆ ಹೋಗ್ಬೇಕು ಅಂತ ಹೇಳೋ ಬರಹ) ಬರ್ದುಕೊಡೋಕೆ 9,000, ಒಟ್ಟು 15,000 ಕಟ್ಟಿದೆ. ಫುಲ್‌ಬ್ರೈಟ್ ಅರ್ಜಿಗೆ ಒಂದು ರೂಪಾಯಿ ಫೀಸ್ ಇಲ್ಲ ಅಂತ ಅಲ್ಲಿ ಯಾರೂ ಹೇಳ್ಲಿಲ್ಲ, ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೂ ಇಲ್ಲ, ನಂಗೆ ಆಮೇಲೆ ಗೊತ್ತಾಗಿದ್ದು.

ಅವ್ರು ಒಳ್ಳೆಯವ್ರೇ, ಮಾತು ನಯವಾಗಿದೆ, ಕಾಫಿ ಕೊಟ್ರು, ಫೋನ್ ಮಾಡಿದ್ರೆ ಎತ್ತುತ್ತಾರೆ. ಅದಕ್ಕೇ ಎರಡು ಸ್ಟಾರು. ಆದ್ರೆ ಅವ್ರಿಗೆ ಗೊತ್ತಿರೋದು ಇಂಜಿನಿಯರಿಂಗ್ ಮುಗಿಸಿದ ಹುಡುಗ್ರನ್ನ ಎಂಎಸ್‌ಗೆ ಕಳ್ಸೋ ಕೆಲ್ಸ. ಫೆಲೋಶಿಪ್ ಅಂದ್ರೆ ಬೇರೆ ಅನ್ನೋದೇ ಅವ್ರ ತಲೇಲಿಲ್ಲ. "ಮೇಡಂ, ಒಂದ್ಸಲ ಹೋಗಿ, ಅಲ್ಲಿ ಹೋದ್ಮೇಲೆ ಏನಾದ್ರೂ ದಾರಿ ಸಿಗತ್ತೆ" ಅಂದ್ರು. ಇದು ತಪ್ಪು ಕಣ್ರಿ, ಬರೀ ತಪ್ಪಲ್ಲ, ಡೇಂಜರ್. ಈ ಫೆಲೋಶಿಪ್ಪಿಗೆ ಕೊಡೋದು ಜೆ-1 ಅನ್ನೋ ಎಕ್ಸ್‌ಚೇಂಜ್ ವೀಸಾ, ಸರ್ಕಾರದ ದುಡ್ಡಲ್ಲಿ ಹೋದವ್ರು ವಾಪಸ್ ಬಂದು ಎರಡು ವರ್ಷ ತಮ್ಮ ದೇಶದಲ್ಲಿ ಇರ್ಲೇಬೇಕು, ಆಮೇಲೇನೇ ಅಲ್ಲಿ ಕೆಲ್ಸ ಮಾಡೋಕೆ ಎಚ್-1ಬಿ ವೀಸಾ, ಅಲ್ಲೇ ನೆಲೆಸೋಕೆ ಗ್ರೀನ್ ಕಾರ್ಡ್ ಇಂಥವಕ್ಕೆಲ್ಲಾ ಹೋಗೋಕಾಗೋದು. ಅಮೆರಿಕಾದವ್ರು ದುಡ್ಡು ಹಾಕಿ ಕರೆಸ್ಕೊಳ್ಳೋದೇ ನಾವು ವಾಪಸ್ ಬಂದು ನಮ್ಮ ಸ್ಕೂಲಲ್ಲಿ ಏನೋ ಮಾಡ್ತೀವಿ ಅಂತ. ಅಲ್ಲೇ ಉಳಿಯೋ ಯೋಚನೆ ಇಟ್ಕೊಂಡು ಬರೆದ್ರೆ ಅದು ಬರವಣಿಗೆಲಿ ಕಾಣ್ಸುತ್ತೆ.

ಈಗ ಎಸ್‌ಒಪಿ ವಿಷ್ಯ, ನಂಗೆ ಜಾಸ್ತಿ ನೋವಾಗಿದ್ದು ಇಲ್ಲೇ. ನಾನು ಕೈಯಲ್ಲಿ ನಾಲ್ಕು ಪುಟ ಬರ್ದು ಕೊಟ್ಟಿದ್ದೆ. ನಮ್ಮ ಸ್ಕೂಲಿಗೆ ಬರೋ ಮಕ್ಕಳಲ್ಲಿ ಎಷ್ಟೋ ಜನ ಎಸ್ಟೇಟ್ ಲೈನ್ ಮನೆಯವ್ರು, ಅಂದ್ರೆ ತೋಟದ ಕೆಲ್ಸದವ್ರ ಮಕ್ಳು, ಡಿಸೆಂಬರ್ ಜನವರಿ ಬಂತು ಅಂದ್ರೆ ಕಾಫಿ ಕುಯ್ಲು, ಕ್ಲಾಸಲ್ಲಿ ಅರ್ಧ ಬೆಂಚು ಖಾಲಿ. ಅವ್ರನ್ನ ಹಿಡಿದಿಟ್ಕೊಳ್ಳೋಕೆ ನಾನು ಮಳೆ ಪಾಠ ಶುರು ಮಾಡಿದ್ದೆ. ತೋಟದವ್ರು ಮಳೆನ ಇಂಚು, ಸೆಂಟು ಲೆಕ್ಕದಲ್ಲಿ ಹೇಳ್ತಾರೆ, "ನಿನ್ನೆ ರಾತ್ರಿ ಎಂಬತ್ತು ಸೆಂಟು ಬಂತು" ಅಂತ, ಪುಸ್ತಕದಲ್ಲಿ ಮಿಲಿಮೀಟರು. ನೂರು ಸೆಂಟು ಅಂದ್ರೆ ಒಂದಿಂಚು, ಒಂದಿಂಚು ಅಂದ್ರೆ 25.4 ಮಿಲಿಮೀಟರು, ಹಾಗಾದ್ರೆ ಎಂಬತ್ತು ಸೆಂಟು ಎಷ್ಟಾಯ್ತು? ಮಕ್ಳು ಅವ್ರಪ್ಪ ಕೆಲ್ಸ ಮಾಡೋ ತೋಟದ ಮಳೆ ಲೆಕ್ಕ ಚೀಟೀಲಿ ಬರ್ಕೊಂಡು ಬರ್ತಿದ್ರು, ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಂದ ದಿನ ಯಾವ ತೋಟಕ್ಕೆ ಎಷ್ಟು ಬಿತ್ತು ಅಂತ ಗೋಡೆ ಮೇಲೆ ಚಾರ್ಟು. ದಶಮಾಂಶ ಅಂದ್ರೆ ಹೆದ್ರೋ ಹುಡುಗಿ ಒಬ್ಳು ಅದನ್ನ ಬಾಯಲ್ಲೇ ಹೇಳೋಳು. ಇದನ್ನ ಇನ್ನೂ ಚೆನ್ನಾಗಿ ಮಾಡೋದು ಹೆಂಗೆ ಅಂತ ಕಲಿಯೋಕೇ ನಾನು ಹೋಗ್ಬೇಕಿದ್ದಿದ್ದು.

ಹತ್ತು ದಿನ ಬಿಟ್ಟು ಅವ್ರು ಕಳ್ಸಿದ ಡ್ರಾಫ್ಟಲ್ಲಿ ಮಳೆ ಇಲ್ಲ, ತೋಟ ಇಲ್ಲ, ಮಕ್ಕಳೇ ಇಲ್ಲ. ಚಿಕ್ಕಂದಿನಿಂದ ಶಿಕ್ಷಣದ ಮೇಲೆ ಅಪಾರ ಆಸಕ್ತಿ, ಜಾಗತಿಕ ಮಟ್ಟದ ಅನುಭವ ಬೇಕು, ಬರೀ ಇಂಥ ಮಾತು. ಮೂರನೇ ಪ್ಯಾರಾದಲ್ಲಿ ನಾನು ಮಾಸ್ಟರ್ ಡಿಗ್ರಿ ಮಾಡೋಕೆ ಬರ್ತಿದೀನಿ ಅಂತ ಬೇರೆ, ಯಾರದ್ದೋ ಹಳೇ ಲೆಟರ್ ಅಂತ ಗೊತ್ತಾಗೋಯ್ತು. ಕೇಳಿದ್ರೆ "ಊರ ಕಡೆ ವಿಷ್ಯ ಎಲ್ಲಾ ಬೇಡ ಮೇಡಂ, ಪ್ರೊಫೆಷನಲ್ ಆಗಿರ್ಬೇಕು" ಅಂದ್ರು. ಆವತ್ತು ವಾಪಸ್ ಬರೋ ಬಸ್ಸಲ್ಲಿ ಕಣ್ಣಲ್ಲಿ ನೀರು ಬಂತು. ನಮ್ಮ ಮಕ್ಕಳ ವಿಷ್ಯ ಪ್ರೊಫೆಷನಲ್ ಅಲ್ವಾ? ನನ್ನ ಪ್ರೊಫೆಷನ್ನೇ ಅದು.

ಅವತ್ತಿಂದ ನಾನೇ ಕೂತೆ. ರಾತ್ರಿ ಅಡುಗೆಮನೆ ಕೆಲ್ಸ ಮುಗಿದ್ಮೇಲೆ ಒಂದೊಂದು ಗಂಟೆ, ಸುಮಾರು ಮೂರು ವಾರ. ಮೊದ್ಲು ಕನ್ನಡದಲ್ಲಿ ಬರ್ದೆ, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿದೆ, ನಮ್ಮ ಇಂಗ್ಲಿಷ್ ಮೇಷ್ಟ್ರು ಗ್ರಾಮರ್ ಮಾತ್ರ ನೋಡಿಕೊಟ್ರು, ವಿಷ್ಯ ಮುಟ್ಟಲಿಲ್ಲ.

ಪಾಸ್‌ಪೋರ್ಟ್ ವಿಷ್ಯದಲ್ಲೂ ಸುಮ್ನೆ ಹೆದ್ರಿಸಿದ್ರು. ಸರ್ಕಾರಿ ನೌಕರರಿಗೆ ಇಲಾಖೆಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ತಿಂಗಳುಗಟ್ಲೆ ಆಗತ್ತೆ, 3,000 ಕೊಡಿ ನಾವು ನೋಡ್ಕೋತೀವಿ ಅಂತ. ಎನ್‌ಒಸಿ ಸಿಗೋದು ಲೇಟ್ ಆಗೋದಾದ್ರೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕ್ತಿದೀನಿ ಅಂತ ನಾವೇ ಇಲಾಖೆಗೆ ಮೊದ್ಲೇ ತಿಳಿಸಿ, ಆ ಪತ್ರದ ಪ್ರತಿ ಇಟ್ರೆ ಸಾಕು, ಅದಕ್ಕೆ ಅನೆಕ್ಷರ್ ಎಚ್ ಅಂತ ನಮೂನೆ ಇದೆ. ಹಾಸನದ ಪೋಸ್ಟ್ ಆಫೀಸಲ್ಲಿರೋ ಪಾಸ್‌ಪೋರ್ಟ್ ಕೇಂದ್ರದಲ್ಲೇ ನನ್ನ ಕೆಲ್ಸ ಮುಗೀತು. ದೇಶ ಬಿಟ್ಟು ಹೋಗೋಕೆ ಇಲಾಖೆ ಪರ್ಮಿಷನ್ನು ಬೇರೆ, ಅದನ್ನ ಇದರ ಜೊತೆ ಕಲಸ್ಕೋಬೇಡಿ.

ಇನ್ನೊಂದು, ಅರ್ಜಿ ಹಾಕೋ ಮುಂಚೆನೇ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಕೋಚಿಂಗ್ ಸೇರಿ ಅಂತ ತುಂಬಾ ಒತ್ತಾಯ. ಆ ಸ್ಕೋರಿಗೆ ಆಯುಷ್ಯ ಎರಡೇ ವರ್ಷ, ನೀವು ಹಾಕೋ ಪ್ರೋಗ್ರಾಂ ಯಾವ ಪರೀಕ್ಷೆ ಯಾವಾಗ ಕೇಳತ್ತೆ ಅಂತ ಅವ್ರದ್ದೇ ವೆಬ್‌ಸೈಟಲ್ಲಿ ಓದಿ ಆಮೇಲೆ ದುಡ್ಡು ಹಾಕಿ.

ಅವ್ರ ಗೋಡೆ ಮೇಲೆ ಒಂದು ಲಿಸ್ಟ್ ಇತ್ತು, "ಎಲ್ಲಾ ಫ್ರೀ" ಅಂತ ದೊಡ್ಡಕ್ಷರದಲ್ಲಿ. ಅದ್ರಲ್ಲಿ ಇಸ್ರೇಲಿನ ಮಾಶಾವ್ ಕೋರ್ಸೂ ಇತ್ತು, ಕೃಷಿ ನೀರಾವರಿ ಕಡೆಯವ್ರಿಗೆ ನಿಜವಾಗ್ಲೂ ಒಳ್ಳೆ ಕೋರ್ಸ್‌ಗಳು, ಆದ್ರೆ ಅವ್ರು ಕೊಡೋದು ಟ್ರೈನಿಂಗು ಊಟ ವಸತಿ, ವಿಮಾನದ ಟಿಕೆಟ್ ನಮ್ದೇ. ಜಪಾನಿನ ಜೈಕಾ ಟ್ರೈನಿಂಗು, ಸಿಂಗಾಪುರ್ ಕೋಆಪರೇಷನ್ ಪ್ರೋಗ್ರಾಂ ಇವೆರಡೂ ಸರ್ಕಾರದ ಮೂಲಕವೇ ಹೋಗ್ಬೇಕು, ಕನ್ಸಲ್ಟೆನ್ಸಿ ಏನೂ ಮಾಡೋಕಾಗಲ್ಲ. ಅಮೆರಿಕಾದ ಹಂಫ್ರೀ ಫೆಲೋಶಿಪ್ ಹತ್ತು ತಿಂಗಳದ್ದು, ಅದನ್ನ ಶಾರ್ಟ್ ಕೋರ್ಸ್ ಅಂತ ನಂಗೂ ಹೇಳಿದ್ರು, ಮನೇಲಿ ಸಣ್ಣ ಮಕ್ಳಿರೋರಿಗೆ ಆರು ವಾರಕ್ಕೂ ಹತ್ತು ತಿಂಗಳಿಗೂ ಎಷ್ಟು ವ್ಯತ್ಯಾಸ ಅಂತ ಯೋಚನೆ ಮಾಡಿ.

ನಂಗೆ ಆ ವರ್ಷ ಆಗ್ಲಿಲ್ಲ. ಅದನ್ನ ಅವ್ರ ತಲೆಗೆ ಕಟ್ಟಲ್ಲ, ಕೊನೆಗೆ ಕಳಿಸಿದ್ದು ನನ್ನ ಬರಹನೇ. ಆದ್ರೆ ಕಳಿಸಿದ್ದು ನನ್ನದೇ ಅನ್ನೋ ಸಮಾಧಾನ ಇದೆ, ಮತ್ತೆ ಹಾಕ್ತೀನಿ. 15,000ದಲ್ಲಿ ಮೂರು ಸಲ ಹೋಗಿ ಕೇಳಿದ್ಮೇಲೆ 4,000 ವಾಪಸ್ ಕೊಟ್ರು. ಮಗನ್ನ ಎಂಎಸ್‌ಗೆ ಕಳ್ಸೋರು ಬೇಕಾದ್ರೆ ಹೋಗಿ ವಿಚಾರಿಸಿ. ಟೀಚರು, ನರ್ಸು, ಕೃಷಿ ತೋಟಗಾರಿಕೆ ಇಲಾಖೆಯವ್ರು ಫೆಲೋಶಿಪ್ಪಿಗೆ ಅಂತ ಹೋಗ್ಬೇಡಿ. ಯಾರಿಗಾದ್ರೂ ಬರೆಯೋಕೆ ಧೈರ್ಯ ಸಾಲ್ದೇ ಇದ್ರೆ ನಿಮ್ಮ ಕನ್ನಡದ ಡ್ರಾಫ್ಟ್ ಹಿಡ್ಕೊಂಡು ಬನ್ನಿ, ಭಾನುವಾರ ಮಧ್ಯಾಹ್ನ ನಾನು ಸಕಲೇಶಪುರದಲ್ಲೇ ಇರ್ತೀನಿ, ಒಟ್ಟಿಗೆ ಕೂತು ನೋಡೋಣ, ದುಡ್ಡು ಕೇಳಲ್ಲ.