ಹೆಗಲೇರಿದ ಎಂಟು ವರ್ಷ: ನಿಕಾನ್ 200-500 ಲೆನ್ಸ್ ಬಗ್ಗೆ ಪತ್ರಿಕಾ ಛಾಯಾಗ್ರಾಹಕನೊಬ್ಬನ ಅನುಭವ

ನಿಕಾನ್ ಕಂಪನಿಯ 200-500 ಮಿ.ಮೀ. ಎಫ್ 5.6 ಲೆನ್ಸನ್ನು ನಾನು ಕೊಂಡದ್ದು 2017ರ ಆಗಸ್ಟ್‌ನಲ್ಲಿ, ಸ್ವಂತ ದುಡ್ಡಿನಲ್ಲಿ, ಬರಿಯ ಹಕ್ಕಿಗಳ ಆಸೆಗೆ. ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ಛಾಯಾಗ್ರಾಹಕನಾಗಿರುವ ನನಗೆ ಕೆಲಸಕ್ಕೆ ಬೇಕಾದ 24-70 ಮತ್ತು 70-200 ಮಿ.ಮೀ. ಲೆನ್ಸ್‌ಗಳನ್ನು ಕಚೇರಿಯೇ ಕೊಟ್ಟಿತ್ತು (ಮಿ.ಮೀ. ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಪತ್ರಿಕಾಗೋಷ್ಠಿ, ರಸ್ತೆ ಗುಂಡಿ, ಮಂತ್ರಿಗಳ ನಗರ ಪ್ರದಕ್ಷಿಣೆ, ಶಾಲೆಯ ಮೊದಲ ದಿನ, ಮಳೆಗೆ ಮರ ಬಿದ್ದ ಕಾರು, ಇವಕ್ಕೆಲ್ಲ ಅವೆರಡೇ ಸಾಕು. ಆದರೆ ಪತ್ರಿಕೆಯವರ ವಾರದ ರಜೆ ಭಾನುವಾರವೇ ಬರಬೇಕೆಂದಿಲ್ಲ. ನನ್ನದು ಮಂಗಳವಾರ. ಊರೆಲ್ಲ ಕೆಲಸಕ್ಕೆ ಹೊರಟಿರುವ ಹೊತ್ತಿಗೆ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಒಬ್ಬನೇ ನಿಂತು, 200 ಮಿ.ಮೀ.ನಲ್ಲಿ ಸಾಸಿವೆ ಕಾಳಿನಷ್ಟು ಕಾಣುವ ಹಕ್ಕಿಯನ್ನು ನೋಡಿ ನೋಡಿ ಸಾಕಾಗಿ, ಎರಡು ತಿಂಗಳ ಸಂಬಳಕ್ಕೂ ಮಿಕ್ಕ ಮೊತ್ತವನ್ನು ಕಂತಿನಲ್ಲಿ ಕಟ್ಟುವುದೆಂದು ನಿಶ್ಚಯಿಸಿದೆ. "ಇದೇ ದುಡ್ಡಿಗೆ ಫ್ರಿಜ್ಜೂ ವಾಷಿಂಗ್ ಮಷೀನೂ ಎರಡೂ ಬರ್ತಿತ್ತಲ್ರೀ" ಎಂದು ಹೆಂಡತಿ ಹೇಳಿದ್ದು ಲೆಕ್ಕದ ಮಟ್ಟಿಗೆ ಸರಿಯಾಗಿಯೇ ಇತ್ತು.

ಲೆನ್ಸ್ ಮಾರುಕಟ್ಟೆಗೆ ಬಂದದ್ದು 2015ರಲ್ಲಿ. 200ರಿಂದ 500ರವರೆಗೂ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ, ಎಫ್ 5.6 ಆಗಿಯೇ ಉಳಿಯುವುದು ಇದರ ದೊಡ್ಡ ಗುಣ; ಜೂಮ್ ಮಾಡಿದಂತೆಲ್ಲ ಬೆಳಕು ಕುಗ್ಗಿ, ಶಟರ್ ವೇಗವನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುವ ಕಾಟ ಇದರಲ್ಲಿಲ್ಲ. ನಾನು ಇದನ್ನು ಬಹುಪಾಲು ನಿಕಾನಿನ ಡಿ500 ಕ್ಯಾಮೆರಾದ ಬಾಡಿಗೆ, ಅಂದರೆ ಲೆನ್ಸಿಲ್ಲದ ಬರಿಯ ಕ್ಯಾಮೆರಾಕ್ಕೆ, ಹಾಕಿಯೇ ಬಳಸಿದ್ದೇನೆ. ಆ ಬಾಡಿಯೊಳಗೆ ಚಿತ್ರ ಹಿಡಿಯುವ ಫಲಕ, ಅಂದರೆ ಸೆನ್ಸರ್, ಚಿಕ್ಕದಾದ್ದರಿಂದ 500 ಮಿ.ಮೀ. ಎನ್ನುವುದು ನೋಟದಲ್ಲಿ 750ಕ್ಕೆ ಸಮನಾಗುತ್ತದೆ. ಹಕ್ಕಿಯವರಿಗೆ ಇದಕ್ಕಿಂತ ಸಿಹಿಯಾದ ಗಣಿತವಿಲ್ಲ. ಕಹಿಯಾದದ್ದು ತೂಕದ ಗಣಿತ. ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಸುತ್ತ ಇರುವ ಕಾಲರ್ ಸೇರಿ ಲೆನ್ಸ್ 2,300 ಗ್ರಾಂ, ಬ್ಯಾಟರಿ ಸೇರಿ ಬಾಡಿ 860 ಗ್ರಾಂ. ಒಟ್ಟು ಮೂರು ಕಿಲೋ ದಾಟುತ್ತದೆ. ಮೂರು ಕಿಲೋ ಈರುಳ್ಳಿಯ ಚೀಲವನ್ನು ಮಾರುಕಟ್ಟೆಯಿಂದ ಮನೆಗೆ ತರುವುದು ಬೇರೆ, ಅದೇ ಚೀಲವನ್ನು ಕಣ್ಣಿನ ಎತ್ತರಕ್ಕೆ ಹಿಡಿದುಕೊಂಡು ಹಕ್ಕಿ ತಿರುಗಿ ನೋಡಲೆಂದು ಅರ್ಧ ಗಂಟೆ ಕಾಯುವುದು ಬೇರೆ. ಮೊದಲ ವರ್ಷವೇ ಬಲ ಹೆಗಲು ಹಿಡಿದುಕೊಂಡು ವೈದ್ಯರ ಬಳಿ ಹೋಗಿ ಬಂದ ಮೇಲೆ ಒಂಟಿ ಕಾಲಿನ ಆಸರೆಯಾದ ಮಾನೊಪಾಡ್ ತೆಗೆದುಕೊಂಡೆ. ಅಂದಿನಿಂದ ಹೆಗಲ ಪಟ್ಟಿಯನ್ನು ಕ್ಯಾಮೆರಾಕ್ಕೆ ಕಟ್ಟದೆ ಲೆನ್ಸಿನ ಕಾಲರಿಗೇ ಕಟ್ಟುತ್ತಿದ್ದೇನೆ. ಇಷ್ಟು ಭಾರದ ಲೆನ್ಸು ಬಾಡಿಯಿಂದ ಜೋತಾಡುತ್ತಿದ್ದರೆ ಎರಡರ ನಡುವಿನ ಲೋಹದ ಬಳೆಯ ಮೇಲೆ ಒತ್ತಡ ಬೀಳುತ್ತದೆ.

ಹಕ್ಕಿಗಳ ವಿಷಯದಲ್ಲಿ ಇದು ಕೊಟ್ಟ ಮಾತನ್ನು ಉಳಿಸಿಕೊಂಡಿದೆ. ಹೆಸರಘಟ್ಟದ ಬೇಲಿ ತಂತಿಯ ಮೇಲೆ ಕಳ್ಳಿಪೀರವೊಂದು ಏರೋಪ್ಲೇನ್ ಚಿಟ್ಟೆಯನ್ನು ಹಿಡಿದು ತಂದು, ತಂತಿಗೆ ಎರಡು ಬಾರಿ ಬಡಿದು, ಮೇಲಕ್ಕೆ ತೂರಿ ತಲೆಯ ಕಡೆಯಿಂದ ನುಂಗಿದ ಒಂದು ಬೆಳಗಿನ ಚಿತ್ರಗಳು ನನ್ನಲ್ಲಿವೆ. ತೂರಿದ ಚಿಟ್ಟೆಯ ರೆಕ್ಕೆಯ ನರಗಳನ್ನು ಎಣಿಸಬಹುದು, ಹಿಂದಿನ ಹುಲ್ಲು ಮಾತ್ರ ಕರಗಿದ ಬೆಣ್ಣೆಯಂತೆ ಹರಡಿಕೊಂಡಿದೆ. ಇದಕ್ಕೆ ಬೆಳಗಿನ ಏಳೂವರೆಯ ಬಿಸಿಲೂ ಕಾರಣ. ಮೋಡ ಕವಿದ ದಿನ ಇದೇ ಲೆನ್ಸಿನ ಚಿತ್ರಗಳು ಸಪ್ಪೆಯಾಗುತ್ತವೆ. ಹತ್ತಿರವೆಂದರೆ 2.2 ಮೀಟರ್‌ವರೆಗೆ ಫೋಕಸ್ ಆಗುವುದರಿಂದ, ಹಕ್ಕಿ ಬಾರದ ದಿನ ಚಿಟ್ಟೆ, ಓತಿಕ್ಯಾತಗಳನ್ನಾದರೂ ತೆಗೆದು ಮನೆಗೆ ಬರಬಹುದು. ರಾಮನಗರದ ರಾಮದೇವರಬೆಟ್ಟದಲ್ಲಿ ಬಂಡೆಯ ಸಂದಿಯ ರಣಹದ್ದುಗಳಿಗೆ 500 ಕೂಡ ಸಾಲದು, ಸಾಲಬಾರದು ಕೂಡ. ಅವುಗಳ ಗೂಡಿನ ಹತ್ತಿರ ಹೋಗುವ ಅಧಿಕಾರ ಯಾವ ಕ್ಯಾಮೆರಾಕ್ಕೂ ಇಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟಿರುತ್ತವೆ. ಜಗುಲಿಯ ಮೇಲೆ ನಿಂತು 200ಕ್ಕೆ ಇಳಿಸಿದರೂ ರೆಕ್ಕೆ ಬಿಚ್ಚಿದ ಹೆಜ್ಜಾರ್ಲೆ ಚೌಕಟ್ಟಿನೊಳಗೆ ಹಿಡಿಸದೆ, ಕೊನೆಗೆ ಕಚೇರಿಯ 24-70ನ್ನೇ ಹಾಕಿ ಹಕ್ಕಿ, ಮರ, ಕೆಳಗೆ ಪಾತ್ರೆ ತೊಳೆಯುತ್ತಿದ್ದ ಅಜ್ಜಿ ಮೂರನ್ನೂ ಸೇರಿಸಿ ತೆಗೆದದ್ದು ಆ ಊರಿನ ನನ್ನ ಒಳ್ಳೆಯ ಚಿತ್ರ.

ಕೊಂಡದ್ದು ಮಂಗಳವಾರಕ್ಕಾದರೂ ಲೆನ್ಸು ತನ್ನ ಹಣವನ್ನು ದುಡಿದು ಕೊಟ್ಟದ್ದು ಉಳಿದ ಆರು ದಿನಗಳಲ್ಲಿ. ಯಲಹಂಕದ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾವನ್ನು 2019, 2021, 2023 ಮತ್ತು 2025ರಲ್ಲಿ ಇದರಲ್ಲೇ ತೆಗೆದಿದ್ದೇನೆ. ಸೂರ್ಯಕಿರಣ್ ತಂಡದ ಹಾಕ್ ಜೆಟ್‌ಗಳಿಗೆ ಶಟರ್ ವೇಗವನ್ನು ಸೆಕೆಂಡಿನ 1/1600ಕ್ಕೆ ಇಟ್ಟುಕೊಂಡರೆ ಚಿಂತೆಯಿಲ್ಲ. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್‌ಗಳಿಗೆ ಅದೇ ವೇಗವಿಟ್ಟರೆ ರೆಕ್ಕೆಗಳು ಗಾಳಿಯಲ್ಲಿ ಗಕ್ಕನೆ ನಿಂತು, ಆಟಿಕೆಯನ್ನು ದಾರದಲ್ಲಿ ತೂಗುಬಿಟ್ಟಂತೆ ಕಾಣುತ್ತದೆ. ರೆಕ್ಕೆ ತಿರುಗುವುದು ತೋರಬೇಕಾದರೆ 1/200ರ ಆಸುಪಾಸಿಗೆ ಇಳಿಯಬೇಕು, ಇಳಿದ ಮೇಲೆ ಕೈಯ ನಡುಕ ಚಿತ್ರದಲ್ಲಿ ಕಾಣದಂತೆ ನೋಡಿಕೊಳ್ಳಬೇಕು. ಇಲ್ಲಿ ಲೆನ್ಸಿನ ನಡುಕ ತಡೆಯುವ ವ್ಯವಸ್ಥೆ ನಿಜಕ್ಕೂ ಉಪಕಾರಿ. ಅದನ್ನು ಸ್ಪೋರ್ಟ್ ಎನ್ನುವ ಸ್ಥಾನಕ್ಕೆ ಇಟ್ಟು ಹೆಲಿಕಾಪ್ಟರನ್ನು ಅನುಸರಿಸಿದರೆ ವ್ಯೂಫೈಂಡರಿನ ನೋಟ ಹಾರಿ ಹಾರಿ ಬೀಳದೆ ನಯವಾಗಿ ಸಾಗುತ್ತದೆ. ಒಂದು ಸಂಗತಿಯನ್ನು ಮಾತ್ರ ಹೊಸಬರು ತಿಳಿದಿರಬೇಕು: 200ರಿಂದ 500ಕ್ಕೆ ಹೋಗಲು ಜೂಮ್ ಬಳೆಯನ್ನು ಒಂದೇ ತಿರುವಿನಲ್ಲಿ ಮುಟ್ಟಿಸಲಾಗದು, ನಡುವೆ ಕೈ ಬಿಟ್ಟು ಮತ್ತೆ ಹಿಡಿಯಬೇಕು. ದೂರದಿಂದ ತಲೆಯ ಮೇಲಕ್ಕೆ ಬರುವ ಜೆಟ್ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ನಾನು 400ಕ್ಕೆ ನಿಲ್ಲಿಸಿಕೊಂಡು, ವಿಮಾನವೇ ಚೌಕಟ್ಟಿನೊಳಗೆ ಬರುವವರೆಗೆ ಕಾಯುವುದನ್ನು ರೂಢಿಸಿಕೊಂಡೆ.

ಯಲಹಂಕದಲ್ಲೇ ಕಲಿತ ಇನ್ನೊಂದು ಪಾಠವಿದೆ. ಮೊದಲ ವರ್ಷ ರನ್‌ವೇ ಮೇಲೆ ಓಡುತ್ತಿದ್ದ ತೇಜಸ್ ವಿಮಾನದ ಚಿತ್ರಗಳೆಲ್ಲ ನೀರಿನಡಿಯಲ್ಲಿ ತೆಗೆದಂತೆ ಅಲುಗಿ ಬಂದಾಗ ಲೆನ್ಸಿನಲ್ಲೇ ದೋಷವಿದೆಯೆಂದು ಗಾಬರಿಯಾಗಿದ್ದೆ. ದೋಷ ಬಿಸಿಲಿನದು. ಕಾದ ರನ್‌ವೇಯಿಂದ ಬಿಸಿ ಗಾಳಿ ಏಳುವಾಗ ಬೇರೆ ಬೇರೆ ಸಾಂದ್ರತೆಯ ಪದರಗಳಲ್ಲಿ ಬೆಳಕು ಬಾಗುತ್ತ ಬರುತ್ತದೆ. ಲೆನ್ಸು ಎಷ್ಟು ಉದ್ದವೋ ಈ ಅಲುಗಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಲಕ್ಷಗಟ್ಟಲೆ ಬೆಲೆಯ ಲೆನ್ಸಿಗೂ ಇದಕ್ಕೆ ಮದ್ದಿಲ್ಲ. ನೆಲದ ಮೇಲಿನ ಚಿತ್ರಗಳನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿಕೊಂಡು, ಆಮೇಲೆ ಆಕಾಶದ ಕಡೆ ತಿರುಗುವುದೊಂದೇ ದಾರಿ.

2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಉರುಳುವ ಹೊತ್ತಿಗೆ ಶಾಸಕರು ರೆಸಾರ್ಟ್‌ಗಳಲ್ಲಿದ್ದರು, ನಾವು ರೆಸಾರ್ಟ್‌ಗಳ ಗೇಟಿನ ಹೊರಗಿದ್ದೆವು. ತೆಂಗಿನ ಮರಗಳ ಸಂದಿಯಲ್ಲಿ ದೂರದ ಬಾಲ್ಕನಿಗೆ ಒಬ್ಬರು ಬನಿಯನ್‌ನಲ್ಲೇ ಬಂದು ಕಾಫಿ ಲೋಟ ಹಿಡಿದು ನಿಂತ ಕ್ಷಣವನ್ನು ಹಿಡಿಯಲು ಅಲ್ಲಿದ್ದವರಲ್ಲಿ ನನ್ನೊಬ್ಬನಿಗೇ ಸಾಧ್ಯವಾಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಮಹಡಿಯೊಂದರ ಮೇಲೆ ನಿಂತು 300ರ ಆಸುಪಾಸಿನಲ್ಲಿ ರಸ್ತೆಯ ಉದ್ದಕ್ಕೆ ನೋಡಿದರೆ, ದೂರದೂರದ ಕಡಲೆಕಾಯಿ ರಾಶಿಗಳೂ ತಲೆಗಳೂ ಬಲೂನುಗಳೂ ಒಂದರ ಮೇಲೊಂದು ಒತ್ತರಿಸಿಕೊಂಡು ಜಾತ್ರೆಯ ನೂಕುನುಗ್ಗಲು ಚಿತ್ರದೊಳಗೇ ಬಂದುಬಿಡುತ್ತದೆ. ಚಿಕ್ಕ ಲೆನ್ಸಿನಲ್ಲಿ ಅದೇ ರಸ್ತೆ ಅರೆಖಾಲಿಯಾಗಿ ಕಾಣುವುದುಂಟು.

ಕತ್ತಲಾದ ಮೇಲೆ ಇದು ಬಹುಮಟ್ಟಿಗೆ ನಿರುಪಯೋಗಿ. ಧರ್ಮರಾಯನ ಗುಡಿಯ ಕರಗದ ರಾತ್ರಿ ಲೆನ್ಸು ಮನೆಯಲ್ಲೇ ಉಳಿಯುತ್ತದೆ; ಆ ಓಣಿಗಳಲ್ಲಿ ದೂರವೂ ಇಲ್ಲ, ಬೆಳಕೂ ಇಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ರಾತ್ರಿ ಪಂದ್ಯಗಳಲ್ಲಿ 400 ಮಿ.ಮೀ. ಎಫ್ 2.8 ಲೆನ್ಸ್ ಇರುವವರು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಲ್ಲಿ ತೆಗೆಯುವ ಚಿತ್ರಕ್ಕೆ ನಾನು 12,800ಕ್ಕೆ ಏರಬೇಕು, ಏರಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ, ಅವರ ಲೆನ್ಸ್ ನನ್ನದರ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಶಾಯಿ ಹೀರುವ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಎರಡು ಕಾಲಂ ಅಗಲಕ್ಕೆ ಮುದ್ರಿಸಿದಾಗ ಆ ಕಾಳುಕಾಳು ಅಷ್ಟಾಗಿ ತಿಳಿಯುವುದಿಲ್ಲವೆಂಬುದು ನಮ್ಮ ವೃತ್ತಿಯ ಗುಟ್ಟು. ಅದೇ ಚಿತ್ರ ಮೊಬೈಲ್ ಪರದೆಗೆ ಹೋದಾಗ ಗುಟ್ಟು ಬಯಲಾಗುತ್ತದೆ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಅದು ಲೆನ್ಸಿನ ಮೇಲಲ್ಲ, ಲೆನ್ಸು ನನಗೆ ಕಲಿಸಿದ ಚಾಳಿಯ ಮೇಲೆ. ಎರಡನೆಯ ವರ್ಷದ ಹೊತ್ತಿಗೆ ಇದು ಬ್ಯಾಗಿನಲ್ಲಿದ್ದ ದಿನ ನಾನು ಜನರ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದ್ದೆ. ಫ್ರೀಡಂ ಪಾರ್ಕಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಧರಣಿ ನಡೆದಿದ್ದ ಒಂದು ಮಧ್ಯಾಹ್ನ, ನಲವತ್ತು ಮೀಟರ್ ದೂರದ ನೆರಳಿನಲ್ಲಿ ನಿಂತುಕೊಂಡೇ, ತಲೆಗೆ ಸೆರಗು ಹೊದ್ದ ಹಿರಿಯ ಹೆಂಗಸೊಬ್ಬರ ಮುಖವನ್ನು ತೆಗೆದೆ. ಸುಕ್ಕು ಸುಕ್ಕೂ ಸ್ಪಷ್ಟ, ಹಿನ್ನೆಲೆ ಹಾಲಿನಂತೆ ನುಣುಪು. ಸಂಜೆ ನಮ್ಮ ಮುಖ್ಯ ಛಾಯಾಗ್ರಾಹಕರು ಪರದೆಯನ್ನು ನೋಡಿ, "ಚೆನ್ನಾಗಿದೆ. ಇವರ ಹೆಸರೇನು, ಯಾವ ಊರು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. "ಏನ್ರೀ, ಇವರನ್ನೂ ಹಕ್ಕಿ ಅಂದ್ಕೊಂಡ್ರಾ? ಹತ್ರ ಹೋದ್ರೆ ಹಾರಿಹೋಗ್ತಿದ್ರಾ?" ಎಂದು ಕೇಳಿ, ಬೇರೊಂದು ಚಿತ್ರವನ್ನು ಪುಟಕ್ಕೆ ಕಳಿಸಿದರು. ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಸಾಮಾನ್ಯ ಜನರ ಚಿತ್ರಗಳನ್ನು ನೋಡುವಾಗಲೆಲ್ಲ, ಛಾಯಾಗ್ರಾಹಕ ಅವರೊಡನೆ ಮಾತಾಡಿಯೇ ಕ್ಯಾಮೆರಾ ಎತ್ತಿರಬೇಕೆಂದು ನನಗೆ ಅನ್ನಿಸುತ್ತದೆ. ಆ ಸಂಜೆಯ ನಂತರ ಧರಣಿ, ಶೋಕ, ಸಂತೆಗಳಿಗೆ ಹೋಗುವಾಗ 200-500ನ್ನು ಕಚೇರಿಯ ಬೀರುವಿನಲ್ಲಿಟ್ಟೇ ಹೊರಡುತ್ತೇನೆ. ಪೊಲೀಸರು ಹಗ್ಗ ಕಟ್ಟಿ ತಡೆದ ಬೆಂಕಿ ಅನಾಹುತದಂಥ ಕಡೆ ಅದು ಬೇಕು. ಮನುಷ್ಯರು ಮಾತಿಗೆ ಸಿಗುವಲ್ಲಿ ಅದು ಬೇಡ.

ನಿರ್ವಹಣೆಯ ಬಗ್ಗೆ ನನ್ನದೇ ಒಂದು ತಪ್ಪೊಪ್ಪಿಗೆ. ಜೂಮ್ ಮಾಡಿದಾಗ ಈ ಲೆನ್ಸಿನ ಕೊಳವೆ ಹೊರಗೆ ಚಾಚಿಕೊಂಡು, ಒಳಗೆ ಸರಿದಾಗ ಹೊರಗಿನ ಗಾಳಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಆ ಬಗೆಯ ಲೆನ್ಸ್‌ಗಳೆಲ್ಲ ಹಾಗೆಯೇ. ಒಂದು ಮಳೆಗಾಲ ಆಗುಂಬೆಯಿಂದ ಹಿಂದಿರುಗಿದವನು, ಮರುದಿನ ಬೆಳಿಗ್ಗೆಯೇ ಕೆಲಸಕ್ಕೆ ಓಡಬೇಕಾಗಿದ್ದರಿಂದ, ಒದ್ದೆ ಬ್ಯಾಗಿನೊಳಗೇ ಲೆನ್ಸನ್ನು ಬಿಟ್ಟು ಅಟ್ಟದ ಮೇಲಿಟ್ಟು ಮರೆತೆ. ಮೂರು ವಾರದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಗಾಜಿನ ಒಳಬದಿಯಲ್ಲಿ ಜೇಡರ ಬಲೆಯಂಥ ಬೂಷ್ಟು. ಬಿಚ್ಚಿ ಸ್ವಚ್ಛಗೊಳಿಸಲು ಐದು ವಾರ ಹಿಡಿಯಿತು, ಅಂಚಿನಲ್ಲಿ ಒಂದು ಸಣ್ಣ ಕಲೆ ಉಳಿದೇ ಉಳಿಯಿತು. ಚಿತ್ರದಲ್ಲಿ ಅದು ಕಾಣುವುದಿಲ್ಲವಾದರೂ ನನಗೆ ಕಾಣುತ್ತದೆ. ಈಗ ಅಕ್ಕಿ ತುಂಬುವ ಗಾಳಿಯಾಡದ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ತೇವಾಂಶ ತೋರಿಸುವ ಚಿಕ್ಕ ಮೀಟರನ್ನೂ ಇಟ್ಟಿದ್ದೇನೆ. ಮೀಟರ್ ಶೇ. 40ರಿಂದ 50ರೊಳಗಿದ್ದರೆ ನೆಮ್ಮದಿ. ಸಿಲಿಕಾ ಕಾಳುಗಳ ನೀಲಿ ಬಣ್ಣ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಬೇರೆಯೇ ಇದೆ, ಅಡುಗೆಗೆ ಬಳಸುವಂತಿಲ್ಲ.

ನಿಕಾನ್ ಕಂಪನಿ 2023ರಲ್ಲಿ ಒಳಗೆ ಕನ್ನಡಿಯಿಲ್ಲದ (ಮಿರರ್‌ಲೆಸ್) ಕ್ಯಾಮೆರಾಗಳಿಗಾಗಿ 180-600 ಲೆನ್ಸನ್ನು ತಂದಿದೆ. ಅದು ಜೂಮ್ ಮಾಡಿದರೂ ಉದ್ದವಾಗುವುದಿಲ್ಲ, ತೂಕವೂ ಕೊಂಚ ಕಡಿಮೆ. ಹೊಸದಾಗಿ ಶುರು ಮಾಡುವವರು ಅದನ್ನೇ ನೋಡುವುದು ಒಳ್ಳೆಯದು. ಕನ್ನಡಿಯುಳ್ಳ ಹಳೆಯ ಬಾಡಿ ಇರುವವರಿಗೆ ಮಾತ್ರ ಸೆಕೆಂಡ್ ಹ್ಯಾಂಡ್ 200-500 ಇವತ್ತಿಗೂ ಲಾಭದ ವ್ಯಾಪಾರ. ಕೊಳ್ಳುವ ಮುನ್ನ ಕತ್ತಲ ಕೋಣೆಯಲ್ಲಿ ಹಿಂಬದಿಯಿಂದ ಟಾರ್ಚ್ ಬಿಟ್ಟು ಬೂಷ್ಟಿದೆಯೇ ನೋಡಿ, ಜೂಮ್ ಬಳೆ ನಡುವೆ ಎಲ್ಲಾದರೂ ಬಿಗಿಯುತ್ತದೆಯೇ ತಿರುಗಿಸಿ ನೋಡಿ, 500ರಲ್ಲಿ ಅಪರ್ಚರನ್ನು ಪೂರ್ತಿ ತೆರೆದಿಟ್ಟು ದಿನಪತ್ರಿಕೆಯ ಪುಟವೊಂದನ್ನು ತೆಗೆದು ನಾಲ್ಕೂ ಮೂಲೆಯ ಅಕ್ಷರಗಳನ್ನು ಓದಿ ನೋಡಿ. ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ನನ್ನದನ್ನೇ ಕೇಳುತ್ತಿದ್ದಾನೆ. "ಸರ್, ನೀವು ಹೇಳಿದ ರೇಟಿಗೇ ತಗೋತೀನಿ" ಎಂದ. ಮಾರುವುದಿಲ್ಲ, ಮಂಗಳವಾರವೊಂದನ್ನು ಬಿಟ್ಟು ಯಾವತ್ತು ಬೇಕಾದರೂ ಒಯ್ಯಿ ಎಂದಿದ್ದೇನೆ.